ಮಡಿಸಿದ ಹೆಬ್ಬೆರಳು

ಪಂಡರಿ ಹಿಂದೆ ಕೂತನೆಂದರೆ ಮಾರುತಿಯ ಮೋಟರ್‌ಸೈಕಲ್ಲಿನ ಮೂತಿ ಮೇಲೇಳುತ್ತದೆ. ಆರಡಿ ನಾಲ್ಕಿಂಚಿನ ಆಳು. ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕಡೆ ಚಾಚಿ ಕೂತಿರುತ್ತಾನೆ, ಎದುರಿಗೆ ಬರುವ ಕಬ್ಬಿನ ಟ್ರ್ಯಾಕ್ಟರಿನವರು ತಾವೇ ಕೊಂಚ ಬದಿಗೆ ಸರಿದು ದಾರಿ ಬಿಡುತ್ತಾರೆ. ಹುಮನಾಬಾದ್ ದಾಟಿ ಹೈವೇಗೆ ಬಿದ್ದಾಗಿನಿಂದ ಮಾರುತಿ ಒಂದು ಮಾತೂ ಆಡಿರಲಿಲ್ಲ. ಬಾಸ್ಕೆಟ್‌ಬಾಲ್ ತಂಡದ ಉಳಿದವರೆಲ್ಲ ಕ್ರೂಸರ್ ಜೀಪಿನಲ್ಲಿ ಹಾಡು ಹಾಕಿಕೊಂಡು ಮುಂದೆ ಹೋಗಿದ್ದರು. ಪಂಡರಿಯನ್ನು ಮಾತ್ರ ತನ್ನ ಗಾಡಿಯ ಮೇಲೆ ಕರೆದುಕೊಂಡದ್ದು ಕೋಚ್ ಮಾರುತಿಯೇ, ಅದೂ ಒಂದು ಕಾರಣಕ್ಕೆ. ಬಸವಕಲ್ಯಾಣ ಮುಟ್ಟುವುದರೊಳಗೆ ಹೇಳಿಬಿಡಬೇಕು: ಇವತ್ತಿನ ಆಟ ಮುಗಿದ ಮೇಲೆ ನೀನು ನಮ್ಮ ತಂಡದವನಲ್ಲ, ನಿನ್ನನ್ನು ಕಲ್ಯಾಣದವರಿಗೆ ಕೊಟ್ಟು ಅವರ ಮಹೆಬೂಬನನ್ನು ನಾವು ತೆಗೆದುಕೊಳ್ಳುತ್ತಿದ್ದೇವೆ. ಇಷ್ಟೇ ಮಾತು. ಟೋಲ್ ನಾಕೆಯ ಹತ್ತಿರ ಹೇಳೋಣವೆಂದುಕೊಂಡ, ಅಲ್ಲಿ ಲಾರಿಗಳ ಗದ್ದಲ. ಮುಂದಿನ ಇಳಿಜಾರಿನಲ್ಲಿ ಹೇಳೋಣವೆಂದುಕೊಂಡ, ಗಾಳಿಗೆ ಮಾತು ಹಾರಿಹೋದೀತು ಎನಿಸಿತು. ಬೆನ್ನ ಹಿಂದಿನಿಂದ ಪಂಡರಿಯ ಉಸಿರು ಕುತ್ತಿಗೆಗೆ ಬಡಿಯುತ್ತಿತ್ತು. ಅದರಲ್ಲಿ ಬೆಳಗಿನ ರೊಟ್ಟಿ-ಬೆಳ್ಳುಳ್ಳಿ ಖಾರದ ವಾಸನೆಯಿತ್ತು.

ಬೆಳಿಗ್ಗೆ ಹೆಂಡತಿ ರಾಜೇಶ್ವರಿ ಚಹಾದ ಲೋಟ ಕೈಗಿಟ್ಟು ಕೇಳಿದ್ದಳು: "ಪಂಡರಿಗ ಹೇಳೀರೇನ್ರಿ?" ಇಲ್ಲವೆಂದು ತಲೆಯಾಡಿಸಿದಾಗ ಅವಳೇನೂ ಸಿಟ್ಟಾಗಲಿಲ್ಲ. "ಹನ್ನೆರಡು ಬರಸ ಆಯ್ತು, ಚುಮುಚುಮು ನಸುಕಿನ್ಯಾಗ ಪ್ರ್ಯಾಕ್ಟೀಸಿಗಿ ಮೊದಲ್ನೇ ಬಸ್ಸಿಗೆ ಬಂದು ನಮ್ಮ ಬಾಗಲಾ ಬಡದು ನಿಮ್ಮನ್ನ ಎಬ್ಬಸ್ಯಾನ. ನೀವು ಒಂದ್ ಮಾತು ಹೇಳ್ಲಾಕ ಒದ್ದಾಡಾಕತ್ತೀರಿ" ಎಂದಷ್ಟೇ ಅಂದು ಒಳಗೆ ಹೋದಳು. ಹೆಂಗಸರ ಈ ತಣ್ಣನೆಯ ಮಾತು ಬೈಗುಳಕ್ಕಿಂತ ಕೆಟ್ಟದ್ದು. ಬೈದರೆ ತಿರುಗಿ ಬೈದು ಹಗುರಾಗಬಹುದು, ಇದನ್ನು ಏನು ಮಾಡುವುದು? ಹೇಳುತ್ತೇನೆ, ದಾರಿಯಲ್ಲಿ ಹೇಳುತ್ತೇನೆ ಎಂದು ಅವಳ ಬೆನ್ನಿಗೆ ಹೇಳಿ ಹೊರಟಿದ್ದ. ಈಗ ದಾರಿ ಅರ್ಧ ಮುಗಿದಿತ್ತು.

ತಪ್ಪು ತನ್ನೊಬ್ಬನದಲ್ಲ ಎಂದು ಮಾರುತಿ ಲೆಕ್ಕ ಹಾಕಿದ. ಮೊನ್ನೆ ಮೈದಾನದಲ್ಲಿ ಎಲ್ಲರೂ ಕೂತು ಮಾತಾಡಿಯೇ ತೀರ್ಮಾನವಾದದ್ದು. ಜಿಲ್ಲಾ ಲೀಗಿಗೆ ತಂಡದ ಹೆಸರು ಕೊಡುವ ಮುನ್ನ ಕ್ಲಬ್ಬುಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಹುಮನಾಬಾದಿನಲ್ಲಿ ದೂರದಿಂದ ಗುರಿಯಿಟ್ಟು ಚೆಂಡು ಹಾಕುವವನಿಲ್ಲ, ಬಸವಕಲ್ಯಾಣದಲ್ಲಿ ರಿಂಗಿನ ಕೆಳಗೆ ನಿಲ್ಲುವ ಎತ್ತರದವನಿಲ್ಲ. ಹುಮನಾಬಾದಿನವರಲ್ಲಿ ಎತ್ತರದವರು ಇಬ್ಬರು: ಘಾಟಬೋರಾಳದ ಪಂಡರಿ, ಕುರಿ ಕಾಯುವ ಮನೆಯವನು, ಮೂವತ್ತಾರರ ಮೇಲಾಗಿದೆ; ಇನ್ನೊಬ್ಬ ಹಳ್ಳಿಖೇಡದ ಧನರಾಜ, ಒಕ್ಕಲುತನದ ಮನೆಯವನು, ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಈಗಷ್ಟೇ ಇಪ್ಪತ್ಮೂರು. ಮಹೆಬೂಬನ ಬದಲಿಗೆ ಒಬ್ಬ ಎತ್ತರದವನು ಬೇಕೆಂದಷ್ಟೇ ಕಲ್ಯಾಣದವರು ಹೇಳಿದ್ದರು. ಇಬ್ಬರಲ್ಲಿ ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಕೊಡುವುದು? ಇಬ್ಬರೂ ಇಲ್ಲದ ಹೊತ್ತು ನೋಡಿಯೇ ಮಾತು ತೆಗೆದರು. ವಿಚಿತ್ರವೆಂದರೆ ಅಲ್ಲಿ ಒಬ್ಬರೂ ಒಬ್ಬರನ್ನೂ ತೆಗಳಲಿಲ್ಲ. ಧನರಾಜ ಜಿಗಿದರೆ ಕೆಳಗೆ ಬರುವುದನ್ನೇ ಮರೆಯುತ್ತಾನೆ ಎಂದು ಒಬ್ಬ. ಪಂಡರಿ ಅಣ್ಣ ನಿಂತ ಕಡೆ ಎತ್ತೂ ನುಗ್ಗುವುದಿಲ್ಲ ಎಂದು ಇನ್ನೊಬ್ಬ. ಧನರಾಜ ಬೀದರದ ಪಂದ್ಯದಲ್ಲಿ ಒಂದೇ ಕೈಯಲ್ಲಿ ರಿಂಗು ಹಿಡಿದು ಜೋತಾಡಿದ್ದು, ಬೋರ್ಡು ಇನ್ನೂ ನಡುಗುತ್ತಿರುವಾಗಲೇ ಓಡಿಬಂದು ಇನ್ನೊಂದು ತುದಿಯಲ್ಲಿ ಚೆಂಡು ಕಸಿದದ್ದು, ಆಮೇಲೆ ಎದುರು ತಂಡದವರೇ ಅವನ ಸಂಗಡ ಫೋಟೋ ತೆಗೆಸಿಕೊಂಡದ್ದು. ಪಂಡರಿ ಒಮ್ಮೆ ತುಟಿ ಹರಿದು ರಕ್ತ ಸುರಿಯುತ್ತಿದ್ದರೂ ಟವೆಲ್ಲು ಕಚ್ಚಿಕೊಂಡು ನಿಂತದ್ದು. ಚಹಾ ಮುಗಿಯಿತು, ಮತ್ತೆ ಚಹಾ ಬಂತು.

ಕೊನೆಗೆ ಕ್ಯಾಪ್ಟನ್ ದತ್ತಾತ್ರಿ ಗಂಟಲು ಸರಿಮಾಡಿಕೊಂಡು, "ಪಂಡರಿ ಅಣ್ಣ ದೇವರಂಥಾ ಮನಷ್ಯಾ, ಅದರಾಗ ಮಾತೇ ಇಲ್ಲ. ಆದ್ರ ಜಿಗಿಯಂಗಿಲ್ಲ. ಚೆಂಡು ಹಾಕಂಗಿಲ್ಲ. ಧನ್ಯಾ ಇನ್ನಾ ಹತ್ತು ಬರಸ ಆಡ್ತಾನ. ನೀವೇ ಹೇಳ್ರಿ, ಯಾರನ್ನ ಇಟಗೋಬೇಕು?" ಅಂದ. ಎಲ್ಲರೂ ಮಾರುತಿಯ ಮುಖ ನೋಡಿದರು. ಬಸವಕಲ್ಯಾಣದವರ ಅಭ್ಯಾಸ ಸಂಜೆ, ಆಟೋನಗರದ ಲಾರಿ ಬಾಡಿ ಕಟ್ಟುವ ಕೆಲಸ ಬಿಟ್ಟ ಮೇಲೆ. ಸಂಜೆಯೆಂದರೆ ಕುರಿ ಹಟ್ಟಿಗೆ ತಿರುಗುವ ಹೊತ್ತು, ಆಗ ಪಂಡರಿ ಘಾಟಬೋರಾಳ ಬಿಟ್ಟು ಕದಲುವ ಹಾಗಿಲ್ಲ. ಅಂದರೆ ಅವನನ್ನು ಕಲ್ಯಾಣಕ್ಕೆ ಕೊಡುವುದೆಂದರೆ ಅವನ ಆಟವೇ ಮುಗಿಯಿತೆಂದು. ಇದು ಅಲ್ಲಿ ಕೂತ ಪ್ರತಿಯೊಬ್ಬನಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಹೊಗಳಿ ಹೊಗಳಿಯೇ ಒಬ್ಬನನ್ನು ಹೊರಗೆ ಹಾಕಿದೆವಲ್ಲ ಎಂದು ಮಾರುತಿಗೆ ಅನಿಸಿತು. ಆದರೂ ಅವನು ಹೂಂ ಅಂದಿದ್ದ.

ಮಾರುತಿ ಆಡುವ ದಿನಗಳಲ್ಲಿ ಐದಡಿ ಆರಿಂಚು. ಬೆಂಚಿನ ಮೇಲೆ ಕೂತು ಕೂತು ಪ್ಯಾಂಟು ಸವೆಸಿದವನು. ಎತ್ತರದವರನ್ನು ಕಂಡರೆ ಅವನಿಗೆ ಆಗಿನಿಂದಲೂ ಒಂದು ಥರದ ಬೆರಗು. ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಉದ್ದನೆಯ ಹುಡುಗ ಕಂಡರೆ ಹೋಗಿ ಹೆಸರು ಕೇಳುತ್ತಾನೆ, ಜನ ನಗುತ್ತಾರೆ. ಪಂಡರಿಯನ್ನು ಹುಡುಕಿದ್ದೂ ಹಾಗೆಯೇ. ಮಾರುತಿ ಹುಮನಾಬಾದಿನ ಸಂತೆಯಲ್ಲಿ ಕುರಿ-ಆಡುಗಳ ದಲಾಲ. ಅಲ್ಲಿ ಒಂದು ದಿನ ಹಿಂಡಿನ ನಡುವೆ ಈ ಆಳು ತೋಳು ಅಗಲಿಸಿ ನಿಂತಿದ್ದ. ಗಾಬರಿಬಿದ್ದ ಟಗರೊಂದು ಅವನ ಕಡೆಗೇ ನುಗ್ಗಿಬಂತು. ಇವನು ಅದನ್ನು ಹಿಡಿಯಲೂ ಇಲ್ಲ, ಬೆದರಿಸಲೂ ಇಲ್ಲ, ಅದು ಹೋಗಬೇಕೆಂದಿದ್ದ ಜಾಗದಲ್ಲಿ ಮೊದಲೇ ಹೋಗಿ ನಿಂತಿದ್ದ. ಟಗರು ನಾಚಿದ ಹಾಗೆ ಹಿಂದಕ್ಕೆ ಹೊರಳಿತು. ಆವತ್ತು ಮಾರುತಿ ವ್ಯಾಪಾರ ಬಿಟ್ಟು ಅವನ ಹಿಂದೆ ಹಿಂದೆ ತಿರುಗಿದ್ದ. ಈಗ ಅದೇ ಆಳನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಒಯ್ಯುತ್ತಿದ್ದಾನೆ. ಬಂಗ್ಲಾ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿ ಇಬ್ಬರೂ ಕಬ್ಬಿನ ಹಾಲು ಕುಡಿದರು. ಈಗ ಹೇಳಬೇಕು, ಇನ್ನು ತಡ ಮಾಡಿದರೆ ಆಗದು. "ಬಿಸಲು ಜೋರದ" ಎಂದ ಮಾರುತಿ. ಪಂಡರಿ ಹೌದೆಂದು ತಲೆಯಾಡಿಸಿ, ಗ್ಲಾಸು ತೊಳೆದು ಬೋರಲು ಹಾಕಿ ಬಂದು ಮತ್ತೆ ಹಿಂದೆ ಕೂತ. ಗಾಡಿಯ ಮೂತಿ ಮತ್ತೆ ಮೇಲೆದ್ದಿತು.

ಬಸವಕಲ್ಯಾಣದ ಕಾಲೇಜಿನ ಸಿಮೆಂಟಿನ ಅಂಗಳದಲ್ಲಿ ಆಟ ಶುರುವಾದ ಮೇಲೆ ಮಾರುತಿಗೆ ಕೊಂಚ ಸಮಾಧಾನ. ಆಟ ನೋಡುವಾಗ ಬೇರೆ ಯೋಚನೆ ಬರುವುದಿಲ್ಲ. ಧನರಾಜ ಅಂದು ಹುಚ್ಚು ಹಿಡಿದವನಂತೆ ಆಡಿದ. ಬೋರ್ಡಿಗೆ ಬಡಿದು ಹಿಂದೆ ಬಂದ ಚೆಂಡನ್ನು ಇನ್ನಿಬ್ಬರು ಕೈಯೆತ್ತುವುದರೊಳಗೆ ಮೇಲಿನಿಂದ ಇಳಿಸಿಕೊಂಡ. ಅಲ್ಲಿಂದಲೇ ಮೈ ತಿರುಗಿಸಿ ಮತ್ತೆ ಹಾಕಿದ. ಎಷ್ಟು ಚೆಂದದ ಆಟ! ಬಸವಕಲ್ಯಾಣದ ಕಡೆಯವರೇ ಸೀಟಿ ಹೊಡೆದರು. ಇಂಥವನನ್ನು ಬಿಟ್ಟುಕೊಡುವವನು ಮೂರ್ಖ, ತನ್ನ ತೀರ್ಮಾನ ಸರಿಯಿದೆ ಎಂದುಕೊಂಡ ಮಾರುತಿ. ಪಂಡರಿ ಒಂದು ಸಲವೂ ಜಿಗಿಯಲಿಲ್ಲ. ತೋಳು ಅಗಲಿಸಿ, ಮೊಣಕಾಲು ಬಗ್ಗಿಸಿ ನಿಂತುಕೊಂಡೇ ಇದ್ದ. ಕಲ್ಯಾಣದ ಮಹೆಬೂಬ, ಸಣ್ಣ ಮೈಯ ಚುರುಕು ಹುಡುಗ, ಗಾಳಿಯಂತೆ ಬಂದವನು ಇವನ ಎದೆಗೆ ಬಡಿದು ಬೀಳುವುದರಲ್ಲಿದ್ದ. ಪಂಡರಿ ಅವನ ರಟ್ಟೆ ಹಿಡಿದು ನಿಲ್ಲಿಸಿ, ಬೆನ್ನು ತಟ್ಟಿ ಬಿಟ್ಟ. "ಭಾಯಿ, ಗ್ವಾಡಿ ಆಗೀರಿ ನೀವು" ಎಂದು ಮಹೆಬೂಬ ನಕ್ಕ.

ಸಂತೆಯ ಬುದ್ಧಿ ಹೇಳುವುದು, ಮಾರಬೇಕಾದ್ದನ್ನು ಮುಂದೆ ನಿಲ್ಲಿಸು, ಇಟ್ಟುಕೊಳ್ಳಬೇಕಾದ್ದನ್ನು ಮರೆಯಲ್ಲಿಡು ಎಂದು. ಅದರ ಪ್ರಕಾರ ಎರಡನೇ ಅರ್ಧದಲ್ಲಿ ಧನರಾಜನನ್ನು ಕೂರಿಸಿ ಪಂಡರಿಯನ್ನು ಆಡಿಸಬೇಕಿತ್ತು. ಆದರೆ ಪಂಡರಿ ಪ್ರತಿ ಸಲ ಉಸಿರು ಬಿಡುತ್ತ ಇತ್ತ ಕಡೆ ತಿರುಗಿದಾಗಲೂ ಮಾರುತಿಗೆ ಮುಖ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಅದಕ್ಕೇ ಅವನನ್ನು ಕರೆದು ಕೂರಿಸಿದ. ಪಂಡರಿ ಏನೂ ಕೇಳದೆ ಬೆಂಚಿನ ತುದಿಗೆ, ಮಾರುತಿಯ ಪಕ್ಕದಲ್ಲೇ ಬಂದು ಕೂತ. ಸ್ವಲ್ಪ ಹೊತ್ತಾಗಿರಬಹುದು. ಕಲ್ಯಾಣದವರು ಎಡಗಡೆಯಿಂದ ಚೆಂಡು ತಂದರು. ಹುಮನಾಬಾದಿನವರೆಲ್ಲ ಬಲಕ್ಕೆ ಗುಂಪುಗೂಡಿದ್ದರು. ಆಗ ಮಾರುತಿಯ ಕಿವಿಯ ಹತ್ತಿರ ಸಣ್ಣ ಸದ್ದೊಂದಾಯಿತು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಡುವ ಸದ್ದು, ಕುರಿಯನ್ನು ಹೊರಳಿಸುವಾಗ ಮಾಡುವಂಥದು, ಟ್ಟಕ್ ಟ್ಟಕ್ ಎಂದು ಎರಡು ಸಲ. ದತ್ತಾತ್ರಿ ತಲೆ ಕೂಡ ಎತ್ತದೆ ಎಡಕ್ಕೆ ಸರಿದ. ಅವನ ಹಿಂದೆ ಇನ್ನಿಬ್ಬರು ಸರಿದರು. ಧನರಾಜ, ಆ ಧನರಾಜನೇ, ಎರಡು ಹೆಜ್ಜೆ ಹಿಂದೆ ಬಂದು ಸರಿಯಾದ ಜಾಗದಲ್ಲಿ ಜಿಗಿದ, ಚೆಂಡು ಅವನ ಕೈಗೆ ಸಿಕ್ಕಿತು. ಜನ ಧನರಾಜನ ಹೆಸರು ಕೂಗಿದರು.

ಮಾರುತಿ ಮೆಲ್ಲಗೆ ಪಕ್ಕಕ್ಕೆ ನೋಡಿದ. ಪಂಡರಿಗೆ ತಾನು ಸದ್ದು ಮಾಡಿದ್ದರ ಪರಿವೆಯೇ ಇರಲಿಲ್ಲ. ಕಣ್ಣು ಆಟದ ಮೇಲೆ, ಕೈ ಮೊಣಕಾಲ ಮೇಲೆ. ಮತ್ತೊಂದು ಸಲ ಟ್ಟಕ್ ಎಂದಿತು, ಅಂಗಳದ ಐವರೂ ಮತ್ತೆ ಹೊರಳಿದರು. ಇಷ್ಟು ವರ್ಷ ಈ ಸದ್ದು ಅಂಗಳದೊಳಗೇ ಇತ್ತು, ಶೂಗಳ ಕಿರ್ರೆನ್ನುವ ಗದ್ದಲದಲ್ಲಿ ಬೆರೆತುಹೋಗಿತ್ತು. ಅಂಗಳದಿಂದ ಆಚೆ ಬಂದದ್ದರಿಂದ ಈಗ ಬೇರೆಯಾಗಿ ಕೇಳಿಸಿತು. ಮೊನ್ನೆ ಅಷ್ಟು ಹೊತ್ತು ಚಹಾ ಕುಡಿದು ಇಬ್ಬರನ್ನೂ ತೂಗಿದ ನಾವು ಇದೊಂದನ್ನು ಹೇಗೆ ಬಿಟ್ಟೆವು? ಮಾರುತಿ ನೆಲ ನೋಡಿದ. ಟ್ಟಕ್ ಎಂದಾಗ ಅವನ ಸ್ವಂತ ಬಲಗಾಲೂ ಎಡಕ್ಕೆ ಸರಿದು ನಿಂತಿತ್ತು. ತಲೆಯೆತ್ತಿದರೆ ಆಚೆ ಕಡೆಯಿಂದ ಬಸವಕಲ್ಯಾಣದ ಕೋಚ್ ಮಲ್ಲಿಕಾರ್ಜುನ ಆಟವನ್ನು ನೋಡುತ್ತಿರಲಿಲ್ಲ. ಅವನು ಈ ಬೆಂಚನ್ನು, ಪಂಡರಿಯನ್ನೇ ನೋಡುತ್ತಿದ್ದ.

ಆಟ ಹುಮನಾಬಾದಿನವರೇ ಗೆದ್ದರು. ಬೇವಿನ ಮರದ ಕೆಳಗೆ ಎರಡೂ ಕಡೆಯವರು ನೀರು ಕುಡಿಯುತ್ತ, ಬೆವರು ಒರೆಸುತ್ತ ನಿಂತಾಗ ಮಲ್ಲಿಕಾರ್ಜುನ ಹೆಗಲಿನ ಟವೆಲ್ಲು ತೆಗೆದು ಕೊಡವಿದ. ಅವನೂ ಸಂತೆಯ ದಲಾಲನೇ. ಎಷ್ಟೋ ವಾರ ಇಬ್ಬರೂ ಎದುರುಬದುರು ಕೂತು ವ್ಯವಹಾರ ಮುಗಿಸಿದ್ದಾರೆ. "ಬಾಯಲೆ ಹೆಸರು ಬ್ಯಾಡ ಮಾರುತಿ" ಎಂದ ತಗ್ಗಿದ ದನಿಯಲ್ಲಿ, "ಮಂದಿ ನಿಂತದ. ಇಂಥಾವನ್ನ ಕೊಡ್ತೀನಿ, ಇಂಥಾವ ಬ್ಯಾಡ ಅಂತ ಒದರಿದ್ರ ಇದ್ದವನ ಮರ್ಯಾದಿ ಹೋಗ್ತದ. ಅಂಗಿ ನಂಬರ್ ಅದಾವಲ್ಲ, ಅದರ ಮ್ಯಾಲೇ ಮುಗಸಮು." ಸಂತೆಯಲ್ಲಿ ಮಾಡುವಂತೆಯೇ ಇಬ್ಬರೂ ಬಲಗೈ ಚಾಚಿದರು, ಟವೆಲ್ಲು ಮೇಲೆ ಬಿತ್ತು. ಅಲ್ಲಿನ ರಿವಾಜು ಎಲ್ಲರಿಗೂ ಗೊತ್ತಿದ್ದದ್ದೇ: ಕೊಳ್ಳುವವನು ಮಾರುವವನ ಬೆರಳು ಹಿಡಿಯುತ್ತಾನೆ, ಎಷ್ಟು ಬೆರಳೋ ಅಷ್ಟು. ಒಪ್ಪಿಗೆಯಾದರೆ ಮಾರುವವನು ತಿರುಗಿ ಒತ್ತುತ್ತಾನೆ. ಆಗದಿದ್ದರೆ ಬೆರಳು ಮಡಿಸುತ್ತಾನೆ. ಧನರಾಜನ ಅಂಗಿ ನಾಲ್ಕು, ಪಂಡರಿಯದು ಐದು.

ಮಲ್ಲಿಕಾರ್ಜುನ ನಾಲ್ಕು ಹಿಡಿಯುತ್ತಾನೆ, ತಾನು ಕೈ ಬಿಡಿಸಿಕೊಂಡು ಐದು ಕೊಡುತ್ತೇನೆ, ಅವನು ಗೊಣಗುತ್ತಾನೆ, ಕೊನೆಗೆ ಒಪ್ಪುತ್ತಾನೆ: ಮಾರುತಿ ಮೊನ್ನೆಯಿಂದ ಹೀಗೆಯೇ ಅಂದುಕೊಂಡಿದ್ದ. ಆದರೆ ಟವೆಲ್ಲಿನ ಕೆಳಗೆ ಮಲ್ಲಿಕಾರ್ಜುನನ ಬಿಸಿ ಅಂಗೈ ಬಂದು ಮಾರುತಿಯ ಇಡೀ ಕೈಯನ್ನು ಒಂದೇ ಹಿಡಿತಕ್ಕೆ ತೆಗೆದುಕೊಂಡಿತು. ಐದೂ ಬೆರಳು. ಹಿಡಿದು ಅಲ್ಲಾಡಿಸಿತು, ಸಂದೇಹವೇ ಬೇಡ ಎನ್ನುವ ಹಾಗೆ. ಬಯಸಿ ಬಂದದ್ದೇ ಸಿಕ್ಕಿತ್ತು. ಒಂದು ಸಲ ತಿರುಗಿ ಒತ್ತಿದರೆ ವ್ಯವಹಾರ ಮುಗಿಯಿತು. ಧನರಾಜ ಉಳಿದ, ಮಹೆಬೂಬ ಬಂದ, ಲೀಗು ಗೆದ್ದ ಹಾಗೆಯೇ. ಟವೆಲ್ಲಿನ ಮೇಲೆ ಇಬ್ಬರ ಮುಖವೂ ನಗುತ್ತಿತ್ತು. ಕೆಳಗೆ ಮಾರುತಿಯ ಹೆಬ್ಬೆರಳು ಮಡಿಸಿಕೊಂಡಿತು. ಮಲ್ಲಿಕಾರ್ಜುನ ಅದನ್ನು ತನ್ನ ಹೆಬ್ಬೆರಳಿನಿಂದ ಬಿಡಿಸಲು ನೋಡಿದ, ಅದು ಬಿಚ್ಚಲಿಲ್ಲ. ಇನ್ನೊಮ್ಮೆ ನೋಡಿದ. ಮಾರುತಿ ಅಂಗೈಯೊಳಗೆ ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದುಕೊಂಡ. ಮಲ್ಲಿಕಾರ್ಜುನ ಉಸಿರುಬಿಟ್ಟು ಉಳಿದ ನಾಲ್ಕು ಬೆರಳು ಹಿಡಿದ, ಮಾರುತಿ ತಿರುಗಿ ಒತ್ತಿದ. "ನಾ ಕೇಳಿದ್ದು ಕೊಡಲಿಲ್ಲ ನೀ" ಎಂದ ಮಲ್ಲಿಕಾರ್ಜುನ, ಅವನೊಬ್ಬನಿಗೇ ಕೇಳುವ ಹಾಗೆ. "ಆದ್ರ ಕೊಟ್ಟಿದ್ದಕ್ಕ ಯಾವಾ ಒಲ್ಲೆ ಅಂತಾನ?" ಟವೆಲ್ಲು ತೆಗೆದು ಮುಖ ಒರೆಸಿಕೊಂಡು ಹೋದ.

ಮಾರುತಿ ಮರದ ಕೆಳಗೇ ನಿಂತ. ಪಂಡರಿಯ ಮೇಲಿನ ಪ್ರೀತಿಯಿಂದ ಮಡಿಸಿದೆನೆ, ಆ ಸದ್ದು ಕೇಳಿದ್ದರಿಂದ ಮಡಿಸಿದೆನೆ, ಇಲ್ಲಾ ಇದು ಬರೀ ದಲಾಲನ ಕೈಯೆ? ಎದುರಿನವನು ಆಸೆಪಟ್ಟು ಹಿಡಿದದ್ದನ್ನು ಆ ಗಳಿಗೆಗೆ ಬಿಡದಿರುವುದು ಇಪ್ಪತ್ತು ವರ್ಷ ಸಂತೆಯಲ್ಲಿ ಕಲಿತ ಚಾಳಿ. ಮಲ್ಲಿಕಾರ್ಜುನ ನಾಲ್ಕು ಹಿಡಿದಿದ್ದರೆ ಇದೇ ಕೈ ಪಂಡರಿಯನ್ನು ಕೊಟ್ಟು ಬರುತ್ತಿರಲಿಲ್ಲವೆ? ಬರುತ್ತಿತ್ತು. ಅದು ಗೊತ್ತಿದ್ದೂ ಮನಸ್ಸು ಹಗುರಾಗಿತ್ತು, ಹಗುರಾದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಅಂಗೈ ನೋಡಿಕೊಂಡ, ಉಗುರಿನ ಗುರುತು ಕೆಂಪಗೆ ಮೂಡಿತ್ತು.

ಪಂಡರಿ ಬನಿಯನ್ನಿನಲ್ಲಿ ಎದುರಿಗೆ ಬಂದು ನಿಂತ. ಕೈಯಲ್ಲಿ ಐದನೇ ನಂಬರಿನ ಅಂಗಿ, ಚೌಕವಾಗಿ ಮಡಿಸಿದ್ದು. "ತಗೋ ಅಣ್ಣಾ. ಬೆವರದ. ಒಗದು ಕೊಡ್ತಿದ್ದೆ, ಇಲ್ಲಿ ಕುಡಿಯೋ ನೀರೇ ಅದ, ಒಗಿಲಿಕ್ಕ ಇಲ್ಲ."

ಮಾರುತಿ ಅಂಗಿಗೆ ಕೈ ಚಾಚಲಿಲ್ಲ. "ನಿನಗ್ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಹುಮನಾಬಾದದಿಂದ ಇಲ್ಲೀತನಾ, ಬಿಸಲು ಜೋರದ ಅಂದಿದ್ದು ಬಿಟ್ರ, ನೀ ಒಂದ್ ಮಾತು ಆಡಲಿಲ್ಲ." ಪಂಡರಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಕುರಿ ಸಂತಿಗಿ ಒಯ್ಯೋ ದಿನ ನಮ್ಮಪ್ಪನೂ ಹಂಗೇ. ದಾರಿಗುಂಟ ಅದರ ಸಂಗಟ ಮಾತಾಡ್ತಿದ್ದಿಲ್ಲ. ಉಳಿದ ದಿನ ಹಡೆದ ಮಕ್ಕಳ ಸಂಗಟ ಮಾತಾಡಿದಂಗ ಮಾತಾಡಾವ."

ಹಾಗಾದರೆ ಬಂಗ್ಲಾ ಕ್ರಾಸಿನಲ್ಲಿ ಗ್ಲಾಸು ತೊಳೆಯುವಾಗಲೇ ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಂದು ಹಿಂದೆ ಕೂತ, ಗೊತ್ತಿದ್ದೂ ಎದೆಯೊಡ್ಡಿ ಆಡಿದ, ಬೆಂಚಿನ ಮೇಲೆ ಕೂರಿಸಿದರೂ ಈ ತಂಡವನ್ನೇ ಹೊರಳಿಸಿದ. ಮಾರುತಿಯ ಕಣ್ಣು ತುಂಬಿತು, ಬಿಸಿಲಿಗೆ ಎಂಬಂತೆ ಒರೆಸಿಕೊಂಡ. ಎಷ್ಟು ದೊಡ್ಡ ಮನುಷ್ಯ ಇವನು ಎಂದು ತಲೆಯೆತ್ತಿ ನೋಡಿದ, ಸಂತೆಯಲ್ಲಿ ಮೊದಲ ದಿನ ನೋಡಿದಂತೆ. "ಅಂಗಿ ಹಾಕ್ಕೋ ಪಂಡರಿ" ಎಂದ. "ನಾಳಿ ನಸುಕಿನ್ಯಾಗ ಬಂದು ಬಾಗಲಾ ಬಡಿ."

ಪಂಡರಿ ಅಂಗಿಯನ್ನು ಕೂಡಲೇ ಹಾಕಿಕೊಳ್ಳಲಿಲ್ಲ. ಮಡಿಕೆಯ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ಮಾರುತಿಯ ಕಣ್ಣು ಹೋದ ಕಡೆಗೆ ತಾನೂ ನೋಡಿದ. ಅಂಗಳದಲ್ಲಿ ಧನರಾಜ ಇನ್ನೂ ದಣಿದಿರಲಿಲ್ಲ. ಕಲ್ಯಾಣದ ಹುಡುಗರು ಮೊಬೈಲು ಹಿಡಿದು ನಿಂತಿದ್ದರೆ ಓಡಿಬಂದು ಜಿಗಿದು ರಿಂಗು ಹಿಡಿದು ಜೋತುಬಿದ್ದಿದ್ದ, ನಗುತ್ತಿದ್ದ. ಮೇಲೆ ನೀಲಿ ಆಕಾಶ, ಕೆಳಗೆ ಅವನ ಉದ್ದನೆಯ ಕಾಲುಗಳ ನೆರಳು. ಚೆಂದವೆಂದರೆ ಅದೇ ಚೆಂದ. ಪಂಡರಿಯ ಮುಖದಲ್ಲಿ ಗೆದ್ದ ಕಳೆ ಬರಲೇ ಇಲ್ಲ.

"ಅವನಿಗಿ ಗೊತ್ತದೇನು?"

"ಇಲ್ಲ."

ಪಂಡರಿ ಅಂಗಿ ತಲೆಯ ಮೇಲಿಂದ ಇಳಿಸಿಕೊಂಡ, ಒಳಗಿನಿಂದಲೇ ಮಾತಾಡಿದ. "ನಾ ಕ್ರೂಸರನ್ಯಾಗ ಬರ್ತೀನಿ. ಧನ್ಯಾನ್ನ ನಿನ್ನ ಗಾಡಿ ಮ್ಯಾಲ ಕುಂದರಿಸಿಕೋ." ಅಂಗಿಯಿಂದ ತಲೆ ಹೊರಗೆ ಬಂತು. "ಮಾತಾಡ್ಕೋತ ಹೋಗು ಅಣ್ಣಾ."

ಧನರಾಜ ಓಡುತ್ತ ಬಂದು ಹಿಂದೆ ಹಾರಿ ಕೂತ. ಗಾಡಿಯ ಮೂತಿ ಮೇಲೆದ್ದಿತು. "ಇವತ್ತ ಹ್ಯಾಂಗ ಆಡಿದೆ ನೋಡಿದ್ರೇನು ಸರ್?" ಎಂದು ಕಿವಿಯ ಹತ್ತಿರ ಕೇಳಿದ. ಮಾರುತಿ ಗಾಡಿ ಚಾಲೂ ಮಾಡಿದ, ಕಾಲೇಜಿನ ಗೇಟು ದಾಟುವುದಕ್ಕೂ ಕಾಯಲಿಲ್ಲ.

"ನೋಡೀನಿ" ಎಂದ. "ನಿನಗೊಂದು ಮಾತು ಹೇಳೋದದ, ಧನರಾಜ."